ಟ್ರೆಡ್‌ಮಿಲ್ ಮೆಕ್ಯಾನಿಕ್ ಹತ್ತಿರ ಕೇಳಿ: ಮಳೆಗಾಲದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ಜಿಮ್ ಮಿಷನ್ ರಿಪೇರಿ ಮಾಡುವ ನಮ್ಮ ಸದಸ್ಯರು ಇವತ್ತು ಟ್ರೆಡ್‌ಮಿಲ್ ಬಗ್ಗೆ ಉತ್ತರಿಸುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ದಯವಿಟ್ಟು ಫಾರ್ವರ್ಡ್ ಬೇಡ.

ವಿರಾಜಪೇಟೆ ಸದಸ್ಯೆ: ನಮಸ್ತೆ ಸರ್. ಬೆಲ್ಟ್‌ಗೆ ಎಷ್ಟು ದಿನಕ್ಕೊಮ್ಮೆ ಆಯಿಲ್ ಹಾಕಬೇಕು? ದಿನಾ ಅರ್ಧ ಗಂಟೆ ನಡೆಯುತ್ತೇನೆ.

ಮೆಕ್ಯಾನಿಕ್: ನಮಸ್ತೆ ಮೇಡಂ. ದಿನ ಎಣಿಸುವುದಕ್ಕಿಂತ ಮುಟ್ಟಿ ನೋಡುವುದು ಒಳ್ಳೆಯದು. ಪ್ಲಗ್ ತೆಗೆದು, ಬೆಲ್ಟ್ ಅಂಚು ಎತ್ತಿ, ಕಾಲು ಬೀಳುವ ಜಾಗದ ಕೆಳಗಿನ ಹಲಗೆಯನ್ನು ಬೆರಳಿನಿಂದ ಸವರಿ. ಬೆರಳಿಗೆ ಜಿಡ್ಡು ಹತ್ತಿದರೆ ಏನೂ ಬೇಡ. ಒಣಗಿದ್ದರೆ ಶುದ್ಧ ಸಿಲಿಕೋನ್ ಆಯಿಲ್, ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ. ಆಮೇಲೆ ನಿಧಾನವಾಗಿ ಐದು ನಿಮಿಷ ಓಡಿಸಿ. ನಿಮ್ಮ ಬಳಕೆಗೆ ಸುಮಾರು ಎರಡು ಮೂರು ತಿಂಗಳಿಗೊಮ್ಮೆ ಬೇಕಾಗಬಹುದು. ಕೆಲವು ಮಾಡೆಲ್‌ಗಳಲ್ಲಿ ಹಲಗೆಗೆ ಮೊದಲೇ ಮೇಣ ಹಚ್ಚಿರುತ್ತಾರೆ, ಅದಕ್ಕೆ ಆಯಿಲ್ ಹಾಕಲೇಬಾರದು. ಒಂದ್ಸಲ ಮ್ಯಾನುಯಲ್ ನೋಡಿಕೊಳ್ಳಿ.

ಸುಂಟಿಕೊಪ್ಪ ಸದಸ್ಯ: ಬೆಲ್ಟ್ ಎಡಗಡೆಗೆ ಸರಿಯುತ್ತಾ ಹೋಗುತ್ತದೆ ಸರ್.

ಮೆಕ್ಯಾನಿಕ್: ಹಿಂದಿನ ರೋಲರ್‌ನ ಎಡಗಡೆ ಬೋಲ್ಟನ್ನು ಅಲೆನ್ ಕೀಯಲ್ಲಿ ಕಾಲು ಸುತ್ತು ಬಿಗಿ ಮಾಡಿ. ಎರಡು ನಿಮಿಷ ಖಾಲಿ ಓಡಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಕಾಲು. ಮಿಷನ್ ಇಟ್ಟ ನೆಲ ಸಮ ಇದೆಯಾ ಅಂತಲೂ ನೋಡಿ. ಹಳೇ ಮನೆಗಳಲ್ಲಿ ಎಷ್ಟೋ ಸಲ ತಪ್ಪು ನೆಲದ್ದೇ ಇರುತ್ತದೆ.

ಸೋಮವಾರಪೇಟೆ ಸದಸ್ಯ: ಸರ್, ನನಗೆ ಬಂದ ಮೆಸೇಜ್: "ಬೆಲ್ಟ್ ಕೆಳಗೆ ಎರಡು ಚಮಚ ಕೊಬ್ಬರಿ ಎಣ್ಣೆ, ಚಿಟಿಕೆ ಕರ್ಪೂರ. ಹತ್ತು ವರ್ಷ ರಿಪೇರಿ ಬರಲ್ಲ. ಎಲ್ಲ ಗ್ರೂಪಿಗೂ ಕಳಿಸಿ." ನಿಜವಾ?

ಮೆಕ್ಯಾನಿಕ್: ಸುಳ್ಳು. ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದನ್ನು ನೀವೇ ನೋಡಿರುತ್ತೀರಿ. ಬೆಲ್ಟ್ ಕೆಳಗೂ ಅದೇ ಗತಿ. ಧೂಳು ಸೇರಿ ಅಂಟಾಗುತ್ತದೆ. ಮೋಟಾರ್ ಕಷ್ಟಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಕೊನೆಗೆ ಕಂಟ್ರೋಲರ್ ಬೋರ್ಡ್ ಸುಟ್ಟುಹೋಗುತ್ತದೆ. ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಕೂಡ ಬೇಡ. ಈ ಮೆಸೇಜ್ ಬರೆದವರು ಬೋರ್ಡಿನ ದುಡ್ಡು ಕೊಡುತ್ತಾರಾ?

ಮಡಿಕೇರಿ ಸದಸ್ಯ: ಕರೆಂಟ್ ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಓಡಿಸಬಹುದಾ?

ಮೆಕ್ಯಾನಿಕ್: ಬೇಡ. ಲೋಡ್ ತಡೆಯುವುದಿಲ್ಲ.

ಶನಿವಾರಸಂತೆ ಸದಸ್ಯ: ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಏನು ನೋಡಬೇಕು ಸರ್?

ನಾಪೋಕ್ಲು ಸದಸ್ಯೆ: ಸರ್, ಅಪ್ಪ ಬೆಳಿಗ್ಗೆ ಬರಿಗಾಲಲ್ಲಿ ನಡೆಯುತ್ತಾರೆ. ಹಿಡಿ ಮುಟ್ಟಿದರೆ ಜುಂ ಅನ್ನುತ್ತದೆ ಅಂತಾರೆ. ಮಿಷನ್ ವರಾಂಡದಲ್ಲಿದೆ, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಹಾಕಿದ್ದೇವೆ. ಪಕ್ಕದ ಮನೆಯವರು ಸ್ಟ್ಯಾಟಿಕ್, ರಬ್ಬರ್ ಮ್ಯಾಟ್ ಹಾಕಿ ಅಂದರು. ಸಾಕಾ?

ಮೆಕ್ಯಾನಿಕ್: ಮೇಡಂ, ಮೊದಲು ಹೋಗಿ ಪ್ಲಗ್ ತೆಗೆಯಿರಿ. ಉಳಿದದ್ದು ಆಮೇಲೆ ಓದಿ.

ಸ್ಟ್ಯಾಟಿಕ್ ಆದರೆ ಒಂದೇ ಸಲ ಚಟ್ ಅಂದು ಮುಗಿಯುತ್ತದೆ, ಅದೂ ಒಣ ಹವೆಯಲ್ಲಿ. ಈಗ ನಿಮ್ಮ ಕಡೆ ಗೋಡೆಯೇ ಬೆವರುತ್ತಿದೆ, ಇಂಥ ತೇವದಲ್ಲಿ ಸ್ಟ್ಯಾಟಿಕ್ ನಿಲ್ಲುವುದು ಕಷ್ಟ. ಮುಟ್ಟಿದಷ್ಟು ಹೊತ್ತೂ ಜುಂ ಅನ್ನುತ್ತಿದ್ದರೆ ಅದು ಲೀಕ್ ಆಗುವ ಕರೆಂಟ್.

ಮಿಷನ್ ಒಳಗೆ ಕರೆಂಟಿನ ನಾಯ್ಸ್ ತಡೆಯುವ ಫಿಲ್ಟರ್ ಇರುತ್ತದೆ, ಅದರಿಂದ ಚೂರು ಕರೆಂಟ್ ಯಾವಾಗಲೂ ಕಬ್ಬಿಣದ ಫ್ರೇಮಿಗೆ ಬರುತ್ತದೆ. ಮೂರನೇ ಪಿನ್ ಇದ್ದರೆ ಅದು ಅರ್ತಿಂಗ್ ಹಿಡಿದು ಮಣ್ಣಿಗೆ ಹೋಗುತ್ತದೆ. ನೀವು ಆ ಪಿನ್ನನ್ನೇ ಬಿಟ್ಟಿದ್ದೀರಿ, ಹಾಗಾಗಿ ಅಪ್ಪನ ಮೈಮೇಲಿಂದ ಹೋಗುತ್ತಿದೆ. ಇವತ್ತು ಬರೀ ಜುಂ. ನಾಳೆ ಒಳಗೆ ಇಲಿ ವೈರ್ ಕಡಿದರೆ, ಅಥವಾ ವರಾಂಡದ ಎರಚಲು ಮೋಟಾರಿನೊಳಗೆ ಹೋದರೆ, ಪೂರ್ತಿ 230 ವೋಲ್ಟ್ ಫ್ರೇಮಿಗೆ ಬರಬಹುದು. ಅರ್ತಿಂಗ್ ಇಲ್ಲದ್ದರಿಂದ ಫ್ಯೂಸ್ ಹೋಗುವುದಿಲ್ಲ. ಒದ್ದೆ ಕಾಲು ಬೇರೆ. ಮ್ಯಾಟ್ ಹಾಕಿದರೆ ಜುಂ ಅನ್ನುವುದು ಗೊತ್ತಾಗದೇ ಹೋಗಬಹುದು, ಅದು ಇನ್ನೂ ಅಪಾಯ.

ಎಲೆಕ್ಟ್ರಿಷಿಯನ್ ಕರೆಸಿ. 16 ಆಂಪಿಯರ್‌ನ ಮೂರು ಪಿನ್ ಸಾಕೆಟ್ ಗೋಡೆಯಲ್ಲೇ ಹಾಕಿಸಿ, ಎಕ್ಸ್‌ಟೆನ್ಷನ್ ಬಿಟ್ಟುಬಿಡಿ. ಸಾಕೆಟ್‌ನಲ್ಲಿ ಮೂರನೇ ತೂತು ಇದ್ದರೆ ಸಾಲದು, ಅದರ ಹಿಂದೆ ಅರ್ತ್ ವೈರ್ ಇದೆಯಾ, ಅದು ನೆಲದಲ್ಲಿ ತೋಡಿದ ಅರ್ತಿಂಗ್ ಗುಂಡಿಯವರೆಗೂ ಹೋಗಿದೆಯಾ ಅಂತ ಮೀಟರ್ ಇಟ್ಟು ನೋಡಿಸಿ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಮಿಷನ್ ವರಾಂಡದಿಂದ ಒಳಗೆ ಬರಲಿ. ಇಷ್ಟಾದ ಮೇಲೂ ಜುಂ ಅಂದರೆ ನನಗೆ ಹೇಳಿ, ಮೋಟಾರ್ ಬಿಚ್ಚಿ ನೋಡಬೇಕು.

ಪೊನ್ನಂಪೇಟೆ ಸದಸ್ಯ: ಕೊಡಗಿನಲ್ಲಿದ್ದುಕೊಂಡು ಟ್ರೆಡ್‌ಮಿಲ್ ಯಾಕೆ ಬೇಕು? ತೋಟದಲ್ಲಿ ಎರಡು ಸುತ್ತು ಹಾಕಿದರೆ ಆಯ್ತಲ್ಲ.

ಸಿದ್ದಾಪುರ ಸದಸ್ಯೆ: ಅಣ್ಣ, ಬೆಳಿಗ್ಗೆ ಆರಕ್ಕೆ ನಮ್ಮ ತೋಟಕ್ಕೆ ಬನ್ನಿ. ಹಲಸಿನ ಮರದ ಕೆಳಗೆ ಆನೆ ನಿಂತಿರುತ್ತದೆ, ಅದರ ಜೊತೆ ಸುತ್ತು ಹಾಕಿ.

ಪೊನ್ನಂಪೇಟೆ ಸದಸ್ಯ: ಆನೆ ನಮ್ಮಲ್ಲೂ ಇದೆ. ನಮ್ಮ ತಾತ ಎಂಬತ್ತರಲ್ಲೂ ಗದ್ದೆಗೆ ನಡೆದೇ ಹೋಗುತ್ತಿದ್ದರು.

ಸಿದ್ದಾಪುರ ಸದಸ್ಯೆ: ನಿಮ್ಮ ತಾತನ ಕಾಲದಲ್ಲಿ ಆನೆ ಕಾಡಿನಲ್ಲಿತ್ತು.

ಮಡಿಕೇರಿ ಸದಸ್ಯ: ಆನೆ ಬಿಡಿ, ಜುಲೈನಲ್ಲಿ ಜಿಗಣೆ ಕಿತ್ತು ಕಿತ್ತು ಸಾಕಾಗುತ್ತದೆ. ಸುಮ್ನೆ ಉಪದೇಶ ಮಾಡಬೇಡಿ.

ಪೊನ್ನಂಪೇಟೆ ಸದಸ್ಯ: ಯಾರೂ ಉಪದೇಶ ಮಾಡಿಲ್ಲ. ದುಡ್ಡು ಜಾಸ್ತಿ ಇದ್ದವರು ಕೊಂಡು ಬಟ್ಟೆ ಒಣಗಿಸುತ್ತಾರೆ ಅಂದೆ.

ಸಿದ್ದಾಪುರ ಸದಸ್ಯೆ: ಅಂದೇ ಇಲ್ಲ, ಈಗ ಅಂದಿರಿ.

ಮೆಕ್ಯಾನಿಕ್: ನಾಪೋಕ್ಲು ಮೇಡಂ, ಪ್ಲಗ್ ತೆಗೆದಿರಾ? ಆನೆ ಜಗಳದಲ್ಲಿ ನನ್ನ ಉತ್ತರ ಮೇಲೆಲ್ಲೋ ಹೋಗಿದೆ. ಪೊನ್ನಂಪೇಟೆಯವರೇ, ಬಟ್ಟೆ ಒಣಗಿಸಿದರೆ ನೀರು ಮೋಟಾರಿಗೇ ಇಳಿಯುತ್ತದೆ, ಅದನ್ನು ತಮಾಷೆಗೂ ಹೇಳಬೇಡಿ.

ಭಾಗಮಂಡಲ ಸದಸ್ಯ: ಸರ್, ಮಳೆಗಾಲ ಪೂರ್ತಿ ಪ್ಲಾಸ್ಟಿಕ್ ಹೊದಿಸಿ ಇಟ್ಟರೂ ಬೆಲ್ಟ್ ಮೇಲೆ ಬೂಷ್ಟು.

ಮೆಕ್ಯಾನಿಕ್: ಪ್ಲಾಸ್ಟಿಕ್ ಹೊದಿಸಿದ್ದಕ್ಕೇ ಬೂಷ್ಟು. ಹಳೇ ಹತ್ತಿ ಬೆಡ್‌ಶೀಟ್ ಸಾಕು. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣಗಿದ ಮೇಲೆ ಹಲಗೆಯ ಅಂಚು ಮುಟ್ಟಿ ನೋಡಿ. ಬಿಸ್ಕತ್ತಿನ ಹಾಗೆ ಉಬ್ಬಿದ್ದರೆ ಹಲಗೆ ಬದಲಿಸಬೇಕು.

ವಿರಾಜಪೇಟೆ ಸದಸ್ಯೆ 2: ಇನ್ವರ್ಟರ್‌ನಲ್ಲಿ ಹಾಕಬಹುದಾ?

ಮೆಕ್ಯಾನಿಕ್: ಮೇಲೆ ಓದಿ.

ಗೋಣಿಕೊಪ್ಪ ಸದಸ್ಯ: ಇನ್ವರ್ಟರ್ ದೊಡ್ಡದಿದ್ದರೆ?

ಮೆಕ್ಯಾನಿಕ್: ಬೇಡ ಅಂದೆ. ಗುಡುಗು ಸಿಡಿಲು ಶುರುವಾದರೆ ಪ್ಲಗ್ಗೂ ತೆಗೆದಿಡಿ.

ಸೋಮವಾರಪೇಟೆ ಸದಸ್ಯ: ಕೊಬ್ಬರಿ ಎಣ್ಣೆ ಬೇಡ, ಒಪ್ಪಿದೆ. ಹರಳೆಣ್ಣೆ ಗಟ್ಟಿಯಾಗಲ್ಲ ಅಲ್ವಾ?

ಮೆಕ್ಯಾನಿಕ್: ನಿಮ್ಮ ಮಿಷನ್, ನಿಮ್ಮ ದುಡ್ಡು. ಹಾಕಿ.

ಅಡ್ಮಿನ್: ಎಲ್ಲರೂ ಸ್ವಲ್ಪ ತಾಳ್ಮೆ ಇರಲಿ.

ನಾಪೋಕ್ಲು ಸದಸ್ಯೆ: ಪ್ಲಗ್ ತೆಗೆದೆ ಸರ್. ಎಲೆಕ್ಟ್ರಿಷಿಯನ್ ನಾಡಿದ್ದು ಬರುತ್ತಾರಂತೆ. ಎರಡು ದಿನ ರಬ್ಬರ್ ಚಪ್ಪಲಿ ಹಾಕಿ ನಡೆಯಲಾ ಅಂತ ಅಪ್ಪ ಕೇಳುತ್ತಿದ್ದಾರೆ.

ಮೆಕ್ಯಾನಿಕ್: ಬೇಡ. ವರಾಂಡದಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಲಿ. ಆ ಎಕ್ಸ್‌ಟೆನ್ಷನ್ ಬಾಕ್ಸ್ ಅವರ ಕೈಗೆ ಸಿಗದ ಹಾಗೆ ಇಡಿ.

ಶನಿವಾರಸಂತೆ ಸದಸ್ಯ: ಸರ್, ಸೆಕೆಂಡ್ ಹ್ಯಾಂಡ್ ಬಗ್ಗೆ ಆಗಲೇ ಕೇಳಿದ್ದೆ.