ಕೆಂಪು ಪರದೆಯೂ ಅಜ್ಜಿಯ ಫೋಟೊಗಳೂ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ರಾತ್ರಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳ ಜಾಗದಲ್ಲಿ ಸಂಬಂಧಗಳನ್ನು ಇಟ್ಟಿದ್ದೇನೆ. ಅತ್ತೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅದು ಯಾಕೆಂದು ಮುಂದೆ ತಿಳಿಯುತ್ತದೆ.

ಒಂಬತ್ತೂವರೆಗೆ ದೊಡ್ಡಪ್ಪನಿಂದ ಒಂದು ಸಂದೇಶ ಬಂತು. ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಜೋಡಿ ಬಾಣದ ಗುರುತು ಅದರ ನೆತ್ತಿಯ ಮೇಲೆಯೇ ಇತ್ತು.

‘ಎಚ್ಚರಿಕೆ! ಕಂಪ್ಯೂಟರಿನಲ್ಲಿ ಕೆಂಪು ಪರದೆ ಬಂದು ವೈರಸ್ ಸಿಕ್ಕಿದೆ ಎಂದು ತೋರಿಸಿದರೆ ಯಾವ ಕಾರಣಕ್ಕೂ ಅದನ್ನು ಮುಚ್ಚಬೇಡಿ, ಕಂಪ್ಯೂಟರ್ ಆಫ್ ಮಾಡಬೇಡಿ. ಆಫ್ ಮಾಡಿದ ಕ್ಷಣವೇ ನಿಮ್ಮ ಫೋಟೊ, ಕಾಗದಪತ್ರ ಎಲ್ಲವೂ ಅಳಿಸಿಹೋಗುತ್ತವೆ. ಕೂಡಲೇ ಕೆಳಗಿನ ಕ್ಲೀನರ್ ಹಾಕಿಕೊಳ್ಳಿ. ನಿಮ್ಮವರಿಗೆಲ್ಲ ತಿಳಿಸಿ.’

ಕೆಳಗೆ ಒಂದು ಮೊಟಕು ಲಿಂಕ್. ಎರಡು ನಿಮಿಷದೊಳಗೆ ನಾಲ್ಕು ಜನ ಕೈ ಮುಗಿದ ಗುರುತು ಹಾಕಿದರು. ಪೂರ್ತಿ ಓದಿದವರು ಯಾರೂ ಇದ್ದಂತಿರಲಿಲ್ಲ.

ಅಕ್ಕ: ದೊಡ್ಡಪ್ಪ, ಇದನ್ನು ಬರೆದವರು ಯಾರು?

ದೊಡ್ಡಪ್ಪ: ನನ್ನ ಹಳೆಯ ಕಚೇರಿಯವರ ಗುಂಪಿನಲ್ಲಿ ಬಂತು. ಕಳುಹಿಸಿದವರು ದೊಡ್ಡ ಹುದ್ದೆಯಲ್ಲಿದ್ದವರು.

ಅಕ್ಕ: ಹುದ್ದೆ ಇರಲಿ. ಈ ಮಾತಿಗೆ ಮೂಲ ಎಲ್ಲಿದೆ ಎಂದು ಕೇಳಿದೆ.

ದೊಡ್ಡಪ್ಪ: ಒಳ್ಳೆಯದಾಗಲಿ ಎಂದು ಕಳುಹಿಸಿದರೂ ನಿನಗೆ ಮೂಲ ಬೇಕು.

ಅಕ್ಕ: ಬೇಕು. ಯಾಕೆಂದರೆ ಇದರಲ್ಲಿ ಹೇಳಿರುವುದು ತಲೆಕೆಳಗು. ಆ ಕೆಂಪು ಪರದೆ ಒಂದು ವೆಬ್ ಪುಟ, ಅಷ್ಟೇ. ಬ್ರೌಸರಿನಲ್ಲಿ ತೆರೆದ ಪುಟ ನಿಮ್ಮ ಹಾರ್ಡ್ ಡಿಸ್ಕಿಗೆ ಇಣುಕಿ ವೈರಸ್ ಎಣಿಸಲಾರದು. ಅಲ್ಲಿ ಓಡುವ ಪಟ್ಟಿ, ಏರುವ ಸಂಖ್ಯೆ ಎಲ್ಲವೂ ಮೊದಲೇ ಬರೆದಿಟ್ಟ ಆಟ. ಮುಚ್ಚಿದರೆ ಪುಟ ಹೋಗುತ್ತದೆ, ಫೈಲುಗಳು ಇದ್ದಲ್ಲೇ ಇರುತ್ತವೆ. ಮುಚ್ಚಬೇಡಿ ಎನ್ನುವುದರಲ್ಲಿಯೇ ಮೋಸ ಇರುವುದು.

ದೊಡ್ಡಪ್ಪ: ಕ್ಲೀನರ್ ಹಾಕಿಕೊಂಡರೆ ನಷ್ಟವೇನು? ನಾಳೆ ನಾನೂ ಹಾಕಬೇಕೆಂದಿದ್ದೇನೆ.

ಅಕ್ಕ: ದಯವಿಟ್ಟು ಬೇಡ. ಅಮೆರಿಕದಲ್ಲಿ ಆಫೀಸ್ ಡಿಪೋ ಎಂಬ ದೊಡ್ಡ ಮಳಿಗೆಯವರು ಗ್ರಾಹಕರ ಕಂಪ್ಯೂಟರಿನ ಆರೋಗ್ಯ ಪರೀಕ್ಷೆ ಎಂದು ಒಂದು ತಂತ್ರಾಂಶ ಓಡಿಸುತ್ತಿದ್ದರು. ಮೊದಲು ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವಾಗಿದೆಯೇ, ಪಾಪ್-ಅಪ್ ಬರುತ್ತಿದೆಯೇ, ಇಂಥವು. ಒಂದಕ್ಕೆ ಹೌದು ಎಂದು ಗುರುತು ಹಾಕಿದರೆ ಸಾಕು, ಪರೀಕ್ಷೆಯ ಕೊನೆಯಲ್ಲಿ ದುರುದ್ದೇಶದ ತಂತ್ರಾಂಶದ ಸುಳಿವು ಸಿಕ್ಕಿತು ಎಂದು ಬರುತ್ತಿತ್ತು. ಯಂತ್ರದೊಳಗೆ ಏನಿದೆ ಎಂಬುದಕ್ಕೂ ಆ ಉತ್ತರಕ್ಕೂ ಸಂಬಂಧವಿರಲಿಲ್ಲ. 2019ರಲ್ಲಿ ಆ ಮಳಿಗೆಯೂ ತಂತ್ರಾಂಶ ಒದಗಿಸಿದ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ಕಟ್ಟಿ ಮೊಕದ್ದಮೆ ಮುಗಿಸಿಕೊಂಡವು. ಹೆಸರಿರುವ ಮಳಿಗೆಯ ಪಾಡೇ ಹೀಗಿರುವಾಗ ಈ ಮೊಟಕು ಲಿಂಕನ್ನು ನಂಬುವುದು ಹೇಗೆ?

ಇಷ್ಟು ಹೊತ್ತಿಗೆ ಮಾವ ಬಂದರು. ನಮ್ಮ ಸೋದರತ್ತೆಯ ಗಂಡ. ಅವರ ಮಾತಿಗೆ ಗುಂಪಿನಲ್ಲಿ ತೂಕವಿದೆ.

ಮಾವ: ಯಾರೂ ತಪ್ಪು ತಿಳಿಯಬಾರದು. ಇಂಥವು ಬರುವುದು ನೋಡಬಾರದ್ದನ್ನು ನೋಡುವವರ ಕಂಪ್ಯೂಟರಿಗೆ. ನಾನು ಪತ್ರಿಕೆ ಓದುತ್ತೇನೆ, ಬ್ಯಾಂಕಿನ ಕೆಲಸ ಮಾಡುತ್ತೇನೆ. ನನಗೆ ಒಂದು ದಿನವೂ ಬಂದಿಲ್ಲ. ಪುಕ್ಕಟೆ ಸಿಗುವುದಕ್ಕೆಲ್ಲ ಕೈ ಚಾಚುವ ಆಸೆ ಬಿಟ್ಟರೆ ಯಾವ ವೈರಸ್ಸೂ ಇಲ್ಲ. ಮನುಷ್ಯನಿಗೆ ಸಂಯಮ ಬೇಕು.

ಅಕ್ಕ: ಮಾವ, 2014ರ ಕೊನೆಯಲ್ಲಿ ಲೆನೊವೊ ಕಂಪನಿಯ ಕೆಲವು ಹೊಸ ಲ್ಯಾಪ್‌ಟಾಪ್‌ಗಳ ಜೊತೆಗೇ ಸೂಪರ್‌ಫಿಶ್ ಎಂಬ ಆಡ್‌ವೇರ್ ಬಂದಿತ್ತು. ಕೊಂಡವರು ನೋಡುವ ಪುಟಗಳಲ್ಲಿ ಅದು ತನ್ನ ಜಾಹೀರಾತು ತುರುಕುತ್ತಿತ್ತು, ಸುರಕ್ಷಿತ ಪುಟಗಳನ್ನೂ ಬಿಟ್ಟಿರಲಿಲ್ಲ. 2015ರ ಫೆಬ್ರುವರಿಯಲ್ಲಿ ದೊಡ್ಡ ಗಲಾಟೆಯಾದ ಮೇಲೆ ಕಂಪನಿಯೇ ಅದನ್ನು ತೆಗೆಯುವ ಸಾಧನ ಕೊಟ್ಟಿತು. ಪೆಟ್ಟಿಗೆ ಒಡೆದು ಹೊಸ ಯಂತ್ರ ಹೊರತೆಗೆದವರು ಎಲ್ಲಿ ಸಂಯಮ ತಪ್ಪಿದ್ದರು?

ಮಾವ: ಅದು ಎಲ್ಲೋ ಒಂದು. ನಿನ್ನ ಧಾಟಿ ಮೊದಲಿನಿಂದಲೂ ಹೀಗೆಯೇ. ಹಿರಿಯರ ಮಾತಿಗೆ ಎದುರುತ್ತರ ಕೊಟ್ಟರೆ ತಿಳಿದವಳು ಎನ್ನಿಸಿಕೊಳ್ಳಬಹುದು ಎಂದುಕೊಂಡಿದ್ದೀಯೆ.

ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಆ ಕ್ಷಣದಿಂದ ಚರ್ಚೆ ಕೆಂಪು ಪರದೆಯನ್ನು ಬಿಟ್ಟು ಅಕ್ಕನ ಧಾಟಿಯ ಸುತ್ತ ತಿರುಗತೊಡಗಿತು. ಚಿಕ್ಕಮ್ಮ ಅಕ್ಕನ ಪರ, ಭಾವ ಮಾವನ ಪರ. ನಡುವೆ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಹಳೆಯ ಕಾಲಕ್ಕೆ ಹೊರಟ.

ಅಣ್ಣ: ಹಳೆಯ ಮನೆಯ ಆ ದಪ್ಪ ಮಾನಿಟರ್ ನೆನಪಿದೆಯೇ? ಬ್ರೌಸರ್ ತೆರೆದರೆ ಒಂದರ ಕೆಳಗೊಂದು ನಾಲ್ಕು ಟೂಲ್‌ಬಾರ್. ಪುಟ ಕಾಣಲು ಉಳಿದ ಜಾಗ ಅಂಗೈಯಗಲ. ಪಾಪ್-ಅಪ್ ಬಂದಾಗಲೆಲ್ಲ ಪಕ್ಕದಲ್ಲಿ ಕುಳಿತ ಅಜ್ಜಿ ‘ಮತ್ತೊಬ್ಬರು ಬಾಗಿಲು ಬಡಿದರು ನೋಡು’ ಎನ್ನುತ್ತಿದ್ದರು. ಈ ಪಾಪ್-ಅಪ್ ಜಾಹೀರಾತಿನ ಕೋಡ್ ಬರೆದ ಈಥನ್ ಜುಕರ್‌ಮನ್ 2014ರಲ್ಲಿ ಲೇಖನ ಬರೆದು ಕ್ಷಮೆ ಕೇಳಿದ. ಕಾರು ಕಂಪನಿಯೊಂದರ ಜಾಹೀರಾತು ಅಶ್ಲೀಲ ಪುಟವೊಂದರಲ್ಲಿ ಕಾಣಿಸಿಕೊಂಡು ರಂಪವಾಗಿತ್ತಂತೆ. ಜಾಹೀರಾತು ಪುಟಕ್ಕೆ ಅಂಟಿಕೊಳ್ಳದೆ ಬೇರೆ ಕಿಟಕಿಯಲ್ಲಿ ಬರಲಿ ಎಂದು ಹಾಗೆ ಮಾಡಿದರಂತೆ.

ಅಜ್ಜಿಯ ಹೆಸರು ಬಂದದ್ದೇ ತಡ.

ದೊಡ್ಡಪ್ಪ: ಆ ಟೂಲ್‌ಬಾರ್ ತೆಗೆಯುತ್ತೇನೆಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಅಮ್ಮನ ಫೋಟೊಗಳನ್ನೆಲ್ಲ ಕಳೆದವರು ಯಾರು? ಈಗ ಮೂಲ ಕೇಳುತ್ತಿರುವವರೇ.

ಗುಂಪು ಸ್ತಬ್ಧವಾಯಿತು. ಅಕ್ಕ ಟೈಪ್ ಮಾಡುತ್ತಿದ್ದಾಳೆ ಎಂದು ಮೇಲೆ ಬಂತು, ಹೋಯಿತು, ಮತ್ತೆ ಬಂತು, ಹೋಯಿತು. ನಾನು ದೊಡ್ಡಪ್ಪ ಕಳುಹಿಸಿದ ಸಂದೇಶವನ್ನು ಇನ್ನೊಮ್ಮೆ ಓದಿದೆ. ‘ನಿಮ್ಮ ಫೋಟೊ ಎಲ್ಲವೂ ಅಳಿಸಿಹೋಗುತ್ತವೆ.’ ಅವರು ಇದನ್ನು ಯಾಕೆ ನಂಬಿದರು ಎಂಬುದು ಆಗ ಹೊಳೆಯಿತು. ಕಂಪ್ಯೂಟರಿಗೆ ಏನೋ ಆಗಿ ತಾಯಿಯ ಮುಖವೇ ಕೈತಪ್ಪಿ ಹೋದದ್ದನ್ನು ಅವರು ಒಮ್ಮೆ ಕಂಡಿದ್ದಾರೆ. ಅಂಥವರಿಗೆ ಮೂಲ ಕೇಳಿದರೆ ಕೋಪವಲ್ಲದೆ ಮತ್ತೇನು ಬರುತ್ತದೆ?

ಅದೇ ಹೊತ್ತಿಗೆ ನನಗೆ ಅತ್ತೆಯಿಂದ ಬೇರೆಯಾಗಿ ಸಂದೇಶ ಬಂತು.

‘ಮಲಗಿದ್ದೀಯೇನಪ್ಪ? ಯಾರಿಗೂ ಹೇಳಬೇಡ. ನನ್ನ ಲ್ಯಾಪ್‌ಟಾಪ್‌ಗೆ ಮೂರು ವಾರದಿಂದ ಇದೇ ಬರುತ್ತಿದೆ. ನಾನು ಏನೂ ಕೆಟ್ಟದ್ದು ನೋಡಿಲ್ಲ.’

ಆ ಕೊನೆಯ ಸಾಲು ಓದಿ ಮನಸ್ಸಿಗೆ ಕಷ್ಟವಾಯಿತು. ಐವತ್ತೆಂಟು ವರ್ಷದ ಹೆಂಗಸು, ತನ್ನ ತಪ್ಪೇ ಇಲ್ಲದ ವಿಷಯಕ್ಕೆ, ಸೋದರಳಿಯನ ಮುಂದೆ ಹೀಗೆ ಸಮಜಾಯಿಷಿ ಕೊಡಬೇಕಾಯಿತು. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಮಾವ ಸಂಯಮದ ಬಗ್ಗೆ ಬರೆಯುತ್ತಿದ್ದರು.

ಪರದೆಯ ಚಿತ್ರ ಕಳುಹಿಸಲು ಹೇಳಿದೆ. ಬಲಗಡೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ಕೆಂಪು ಗುರಾಣಿ, ‘5 ವೈರಸ್ ಸಿಕ್ಕಿವೆ, ನಿಮ್ಮ ರಕ್ಷಣೆ ಮುಗಿದಿದೆ’ ಎಂಬ ಬರಹ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅಡಿಯಲ್ಲಿ ತಿಳಿಬೂದು ಬಣ್ಣದ ಚಿಕ್ಕ ಅಕ್ಷರಗಳು: ಕ್ರೋಮ್ ಎಂಬ ಹೆಸರು, ಪಕ್ಕದಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ಜಾಲತಾಣದ ವಿಳಾಸ. ಮೇಲಿನ ಗುರಾಣಿ ಎಷ್ಟು ದೊಡ್ಡದೋ ಈ ವಿಳಾಸ ಅಷ್ಟು ಸಣ್ಣದು. ಆದರೆ ಅದೊಂದೇ ನಿಜ. ಆ ಪೆಟ್ಟಿಗೆ ವೈರಸ್ ಆಗಿರಲಿಲ್ಲ, ಆ ಜಾಲತಾಣ ಬ್ರೌಸರ್ ಮೂಲಕ ಕಳುಹಿಸುತ್ತಿದ್ದ ನೋಟಿಫಿಕೇಶನ್ ಆಗಿತ್ತು.

2015ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್‌ನ 42ನೇ ಆವೃತ್ತಿಯಿಂದ ಜಾಲತಾಣಗಳಿಗೆ ಈ ಸೌಲಭ್ಯವಿದೆ. ಹೊಸ ಸುದ್ದಿ, ಹೊಸ ಅಂಚೆ ಬಂದಾಗ ತಿಳಿಸಲು ಮಾಡಿದ್ದು. ನಾವು ಒಮ್ಮೆ ‘ಅಲೋ’ (ಅನುಮತಿ ಕೊಡು) ಒತ್ತಿದರೆ ಸಾಕು, ಆ ಪುಟ ಮುಚ್ಚಿದ್ದರೂ ಸಂದೇಶ ಬರುತ್ತಲೇ ಇರುತ್ತದೆ. ಮೋಸಗಾರರು ಅದನ್ನೇ ಹಿಡಿದುಕೊಂಡಿದ್ದಾರೆ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎನ್ನುತ್ತಾರೆ. ಅತ್ತೆಯೂ ಒತ್ತಿದ್ದರು.

ಫೋನಿನಲ್ಲೇ ಜೊತೆಗಿದ್ದು ತೆಗೆಸಿದೆ. ಕ್ರೋಮ್‌ನ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. ಅನುಮತಿ ಪಡೆದ ಏಳು ತಾಣಗಳಿದ್ದವು. ‘ಇವರೆಲ್ಲ ಯಾರು? ನಾನು ಯಾರನ್ನೂ ಕರೆದಿಲ್ಲ’ ಎಂದರು ಅತ್ತೆ. ಒಂದೊಂದನ್ನೇ ತೆಗೆದರು. ಇನ್ನು ಮುಂದೆ ಯಾವ ತಾಣವೂ ಅನುಮತಿ ಕೇಳದಂತೆ ಅಲ್ಲೇ ಒಂದು ಆಯ್ಕೆ ಇದೆ, ಅದನ್ನೂ ಹಾಕಿಸಿದೆ.

ಅಲ್ಲಿಗೆ ಮುಗಿಯಲಿಲ್ಲ. ಅವರ ಹುಡುಕಾಟದ ಪುಟವೂ ಬೇರೆಯಾಗಿತ್ತು. ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶಗಳ ಪಟ್ಟಿಯಲ್ಲಿ ಅತ್ತೆಗೆ ಗುರುತೇ ಇಲ್ಲದ ಒಂದು ಪಿಡಿಎಫ್ ಸಹಾಯಕ ಕುಳಿತಿತ್ತು, ತೆಗೆದೆವು. ವಿಂಡೋಸ್‌ನ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಒಂದೇ ದಿನ ಮೂರು ತಂತ್ರಾಂಶಗಳು ಸೇರಿದ್ದು ಕಂಡಿತು. ಒಂದು ಅತ್ತೆಯೇ ಹಾಕಿದ ಪಿಡಿಎಫ್ ಪರಿವರ್ತಕ, ಉಳಿದೆರಡು ಅದರ ಬೆನ್ನಿಗೆ ಬಂದವು. ಹಾಕುವಾಗ ‘ಕಸ್ಟಮ್’ ಎಂಬ ದಾರಿ ಹಿಡಿದಿದ್ದರೆ, ಮೊದಲೇ ಗುರುತು ಹಾಕಿಟ್ಟ ಚೌಕಗಳು ಕಣ್ಣಿಗೆ ಬೀಳುತ್ತಿದ್ದವು. ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ ಎಂದರು, ಅದು ಜಾಹೀರಾತು. ಇಂಥ ಜಾಹೀರಾತುಗಳ ಮರೆಯಲ್ಲಿ ಅಪರಾಧಿಗಳು ನಕಲಿ ತಾಣಗಳಿಗೆ ಕರೆದೊಯ್ಯುತ್ತಾರೆ ಎಂದು 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಎಚ್ಚರಿಸಿತ್ತು, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಎಂದೂ ಹೇಳಿತ್ತು. ಕೊನೆಗೆ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಎಂಬ ವೈರಸ್ ತಡೆ ತಂತ್ರಾಂಶದಿಂದ ಪೂರ್ತಿ ಸ್ಕ್ಯಾನ್ ಹಚ್ಚಿದೆವು. ಹೊಸ ಕ್ಲೀನರ್ ಏನೂ ಬೇಕಾಗಲಿಲ್ಲ.

‘ಹೋದ ವಾರ ಪರದೆಯ ತುಂಬ ಕೆಂಪು ಬಂದು ಸದ್ದು ಮಾಡಿತು’ ಎಂದರು ಅತ್ತೆ. ‘ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನನ್ನ ಪರದೆ ಅವರಿಗೆ ಕಾಣುವ ಹಾಗೆ ಏನನ್ನೋ ಹಾಕಿಕೊಳ್ಳಿ ಎಂದರು. ಹೆದರಿ ಇಟ್ಟುಬಿಟ್ಟೆ.’

ಇಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂದು ಹೇಳಿದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಪನಿಯೇ ಹಾಗೆಂದು ಹೇಳಿದೆ.

ಹನ್ನೊಂದು ಗಂಟೆಗೆ ಗುಂಪಿಗೆ ಮರಳಿದಾಗ ಜಗಳ ಇನ್ನೂ ಫಾರ್ಮ್ಯಾಟಿನ ಸುತ್ತಲೇ ಇತ್ತು. ನಾನು ಏನೂ ಬರೆಯುವ ಮೊದಲೇ ಅತ್ತೆಯ ಸಂದೇಶ ಬಂತು.

ಅತ್ತೆ: ಆ ಕೆಂಪು ಪರದೆ ನನ್ನ ಲ್ಯಾಪ್‌ಟಾಪ್‌ಗೆ ಮೂರು ವಾರದಿಂದ ಬರುತ್ತಿತ್ತು. ಈಗ ತೆಗೆಸಿದೆ. ಪಿಡಿಎಫ್ ಮಾಡಲು ಹೋಗಿ ಬಂದದ್ದು.

ಮಾವ: ನನಗೆ ಒಂದು ಮಾತು ಹೇಳಲಿಲ್ಲವಲ್ಲ.

ಅತ್ತೆ: ಹೇಳಿದ್ದರೆ ನೀವು ಏನು ಅನ್ನುತ್ತಿದ್ದಿರಿ ಎಂಬುದು ಮೇಲೆಯೇ ಇದೆ, ಓದಿ.

ಮಾವ ಮತ್ತೆ ಏನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಬರೆದಳು.

ಅಕ್ಕ: ದೊಡ್ಡಪ್ಪ, ಫಾರ್ಮ್ಯಾಟ್ ಮಾಡುವ ಮೊದಲು ಫೋಟೊಗಳನ್ನು ಬೇರೆ ಡಿಸ್ಕಿಗೆ ಹಾಕಿಟ್ಟುಕೊಳ್ಳಬೇಕಿತ್ತು. ಅವಸರ ಮಾಡಿದೆ. ಆಗ ಫಾರ್ಮ್ಯಾಟ್ ಬೇಕಾಗಿಯೂ ಇರಲಿಲ್ಲ, ಟೂಲ್‌ಬಾರ್‌ಗಳನ್ನು ಒಂದೊಂದಾಗಿ ತೆಗೆಯಬಹುದಿತ್ತು. ನನ್ನ ತಪ್ಪು. ಅಜ್ಜಿಯ ಫೋಟೊ ಯಾರ ಹತ್ತಿರ ಎಷ್ಟಿವೆಯೋ ಕಳುಹಿಸಿ, ನಾನು ಒಂದು ಕಡೆ ಸೇರಿಸಿ ಎರಡು ಪ್ರತಿ ಮಾಡುತ್ತೇನೆ.

ಅಣ್ಣ ಅಲ್ಲೇ ಒಂದು ಫೋಟೊ ಹಾಕಿದ. ದಪ್ಪ ಮಾನಿಟರ್, ಅದರ ಪಕ್ಕ ಕನ್ನಡಕ ಹಾಕಿಕೊಂಡು ಪರದೆಯತ್ತ ಬಾಗಿದ ಅಜ್ಜಿ. ದೊಡ್ಡಪ್ಪ ಅದನ್ನು ನೋಡಿದ ಗುರುತು ಬಂತು. ಬಹಳ ಹೊತ್ತು ಏನೂ ಬರೆಯಲಿಲ್ಲ.

ದೊಡ್ಡಪ್ಪ: ಪರದೆ ತುಂಬ ಬಂದರೆ ಮುಚ್ಚುವ ಗುರುತೇ ಕಾಣುವುದಿಲ್ಲವಲ್ಲ. ಆಗ ಏನು ಮಾಡಬೇಕು?

ಅಕ್ಕ: ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಹೋಗದಿದ್ದರೆ ಆಲ್ಟ್ ಮತ್ತು ಎಫ್4 ಒಟ್ಟಿಗೆ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿಸಲೇ ಎಂದು ಕೇಳಿದರೆ ಬೇಡ ಎನ್ನಿ.

ದೊಡ್ಡಪ್ಪ: ಫೋಟೊ ಹೋಗುವುದಿಲ್ಲ ತಾನೆ?

ಅಕ್ಕ: ಹೋಗುವುದಿಲ್ಲ ದೊಡ್ಡಪ್ಪ.