ಡ್ರೂಪಲ್: ಪುಸ್ತಕ ಸೇರಿಸಿದ ಮೇಲೂ ಓದುಗರಿಗೆ 404

ಪ್ರಶ್ನೆ

ಜಾಲತಾಣ ಕಟ್ಟುವ ತಂತ್ರಾಂಶ ಡ್ರೂಪಲ್ 10ರಲ್ಲಿ ಗ್ರಂಥಾಲಯವೊಂದಕ್ಕೆ ಮಾಡ್ಯೂಲ್ (ಹೆಚ್ಚುವರಿ ಕೋಡ್) ಬರೆದಿದ್ದೇನೆ. ಪುಸ್ತಕಗಳ ವಿವರ ನೋಡ್‌ಗಳಲ್ಲಿ (ಡ್ರೂಪಲ್ ತಾನೇ ನಿರ್ವಹಿಸುವ ಬರಹಗಳಲ್ಲಿ) ಇಲ್ಲ, ನಮ್ಮದೇ ಟೇಬಲ್‌ನಲ್ಲಿದೆ. ಕೇಳಿದ ಸಂಖ್ಯೆಯ ಪುಸ್ತಕ ಸಿಗದಿದ್ದರೆ ಪುಟ ಕಟ್ಟುವ ಕಂಟ್ರೋಲರ್ ‘ನಾಟ್‌ಫೌಂಡ್‌ಎಚ್‌ಟಿಟಿಪಿಎಕ್ಸೆಪ್ಶನ್’ ಥ್ರೋ ಮಾಡುತ್ತದೆ, ‘ಪುಟ ಸಿಗಲಿಲ್ಲ’ ಎನ್ನುವ 404 ಪುಟ ಸರಿಯಾಗಿಯೇ ಬರುತ್ತದೆ. ನಿನ್ನೆ 245ನೇ ಪುಸ್ತಕ ಸೇರಿಸಿದೆ. ಲಾಗಿನ್ ಆಗಿದ್ದ ನನಗೆ ಕಂಡಿತು, ಓದುಗರಿಗೆ ಮಾತ್ರ ‘ಪುಟ ಸಿಗಲಿಲ್ಲ’. ಒಂದು ಗಂಟೆ ಕಳೆದ ಮೇಲೆ ತಾನಾಗಿ ಸರಿಹೋಯಿತು. ಎಕ್ಸೆಪ್ಶನ್ ತೆಗೆದುಹಾಕಿ ‘ಪುಸ್ತಕ ಇಲ್ಲ’ ಎಂಬ ಸಂದೇಶವನ್ನಷ್ಟೇ ತೋರಿಸಲೇ?

ಉತ್ತರ

ದಯವಿಟ್ಟು ಹಾಗೆ ಮಾಡಬೇಡಿ ಸರ್. ಆಗ ಅದು 200 (‘ಎಲ್ಲ ಸರಿ’) ಸಂಖ್ಯೆಯ ಮಾಮೂಲಿ ಪುಟವಾಗುತ್ತದೆ. ಇಲ್ಲದ ಪುಸ್ತಕದ ಪುಟವನ್ನು ಸರ್ಚ್ ಎಂಜಿನ್‌ಗಳು ಪಟ್ಟಿಗೆ ಸೇರಿಸಿಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಪೇಜ್ ಕ್ಯಾಶ್‌ನಲ್ಲಿ (ಸಿದ್ಧ ಪುಟಗಳ ಪ್ರತಿ ಇಟ್ಟುಕೊಳ್ಳುವ ಜಾಗದಲ್ಲಿ) ಅದಕ್ಕೆ ಆ ಒಂದು ಗಂಟೆಯ ಗಡುವೂ ಇರುವುದಿಲ್ಲ. ನೀವು ಕ್ಯಾಶ್ ತೆರವು ಮಾಡುವವರೆಗೂ ಕೂತಿರುತ್ತದೆ.

ನಿಮ್ಮ ಎಕ್ಸೆಪ್ಶನ್ ಸರಿಯಾಗಿದೆ. ಲಾಗಿನ್ ಆಗದವರಿಗೆ ಹೋಗುವ 403 (ಪ್ರವೇಶವಿಲ್ಲ), 404 ಉತ್ತರಗಳನ್ನು ಪೇಜ್ ಕ್ಯಾಶ್ 3600 ಸೆಕೆಂಡ್, ಅಂದರೆ ಒಂದು ಗಂಟೆ, ಇಟ್ಟುಕೊಳ್ಳುತ್ತದೆ. ನೋಡ್ ಆಗಿದ್ದರೆ, ಉಳಿಸಿದ ಕೂಡಲೇ ಡ್ರೂಪಲ್ ಇಂಥ ಉತ್ತರಗಳಿಗೆ ಅಂಟಿಸಿದ ‘4ಎಕ್ಸ್‌ಎಕ್ಸ್-ರೆಸ್ಪಾನ್ಸ್’ ಟ್ಯಾಗ್ (ಗುರುತುಚೀಟಿ) ರದ್ದು ಮಾಡಿ ಹಳೆಯ 404 ಅನ್ನು ಅಳಿಸುತ್ತಿತ್ತು. ನಿಮ್ಮ ಟೇಬಲ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಆ ಪುಟ ತೆರೆದು ‘ಎಕ್ಸ್-ಡ್ರೂಪಲ್-ಕ್ಯಾಶ್’ ಹೆಡರ್ (ಉತ್ತರದ ಜೊತೆ ಬರುವ ಮಾಹಿತಿಯ ಸಾಲು) ನೋಡಿ. ‘ಹಿಟ್’ (ಕ್ಯಾಶ್‌ನಿಂದ ಬಂದ ಉತ್ತರ) ಎಂದಿದ್ದರೆ ಇದೇ ಕಾರಣ. ಈಗಿನ ಎಕ್ಸೆಪ್ಶನ್ ಬದಲು ‘ಕ್ಯಾಶೆಬಲ್‌ನಾಟ್‌ಫೌಂಡ್‌ಎಚ್‌ಟಿಟಿಪಿಎಕ್ಸೆಪ್ಶನ್’ ಬಳಸಿ. ಅದರ ಮೊದಲ ಆರ್ಗ್ಯುಮೆಂಟ್ ಆಗಿ ‘ಕ್ಯಾಶೆಬಲ್‌ಮೆಟಾಡೇಟಾ’ ಕೊಟ್ಟು, ಅದರಲ್ಲಿ ‘ಪುಸ್ತಕ:245’ ಎಂಬಂಥ ಟ್ಯಾಗ್ ಇಡಿ. ಪುಸ್ತಕ ಸೇರಿಸುವಲ್ಲಿ ‘ಇನ್‌ವ್ಯಾಲಿಡೇಟ್‌ಟ್ಯಾಗ್ಸ್’ ಕರೆದು ಅದೇ ಟ್ಯಾಗ್ ರದ್ದು ಮಾಡಿ.

ಪ್ರಶ್ನೆ ಕೇಳಿದವರು

‘ಹಿಟ್’ ಎಂದೇ ಇತ್ತು. ನೀವು ಹೇಳಿದಂತೆ ಬದಲಿಸಿದೆ, ಫಾರಂನಲ್ಲಿ ಸೇರಿಸಿದ ಪುಸ್ತಕ ತಕ್ಷಣ ಕಾಣುತ್ತಿದೆ. ಆದರೆ ರಾತ್ರಿ ಸಿಎಸ್‌ವಿ ಕಡತದಿಂದ ಬಂದ ಪುಸ್ತಕಗಳಿಗೆ ಈಗಲೂ 404.

ಉತ್ತರ

ಆಮದು ಸ್ಕ್ರಿಪ್ಟ್ ಫಾರಂ ಅನ್ನು ಹಾಯದೆ ನೇರವಾಗಿ ಟೇಬಲ್‌ಗೆ ಬರೆಯುತ್ತಿರಬೇಕು. ಟ್ಯಾಗ್ ರದ್ದು ಮಾಡುವ ಸಾಲನ್ನು ಫಾರಂನಿಂದ ತೆಗೆದು, ಎರಡೂ ಕರೆಯುವ ಒಂದೇ ‘ಉಳಿಸು’ ಫಂಕ್ಷನ್ನಿನಲ್ಲಿಡಿ. ಆ 3600 ಸೆಕೆಂಡ್ ನಿಗದಿ ಮಾಡುವ ‘ಕ್ಯಾಶ್_ಟಿಟಿಎಲ್_4ಎಕ್ಸ್‌ಎಕ್ಸ್’ ಸೆಟ್ಟಿಂಗ್ ಅನ್ನು ಸೊನ್ನೆ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಲ್ಲದ ಪುಟಗಳನ್ನು ಕೆದಕುವ ಪ್ರತಿಯೊಂದು ಬಾಟ್‌ಗೂ ಆಗ ಡ್ರೂಪಲ್ ಪೂರ್ತಿ ಪುಟ ಕಟ್ಟಿಕೊಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಹೌದು, ಸ್ಕ್ರಿಪ್ಟ್ ನೇರವಾಗಿಯೇ ಬರೆಯುತ್ತಿತ್ತು. ಈಗ ಎರಡೂ ಕಡೆ ಸರಿಯಾಯಿತು. ತುಂಬಾ ಧನ್ಯವಾದ.