‘ಸ್ನಿಗ್ಧತೆ ಹೆಚ್ಚುತ್ತದೆ’ ಎಂದರೆ ಓದುಗರಿಗೆ ಏನು ಅರ್ಥವಾಗುತ್ತದೆ? ಹೈಡ್ರಾಲಿಕ್ ಎಣ್ಣೆ ಮತ್ತು ಚಳಿಗಾಲದ ಕೆಲವು ಪದಗಳು

ಮಾನ್ಯರೇ,

ಹಳೆಯ ಕೈತೋಟದ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಎಣ್ಣೆಯನ್ನು (ಪಂಪಿನ ಒತ್ತಡವನ್ನು ಸಾಗಿಸಿ ಎತ್ತುವ ತೋಳನ್ನು ಆಡಿಸುವ ಎಣ್ಣೆಯನ್ನು) ಬದಲಾಯಿಸುವ ಕ್ರಮವನ್ನೂ ಚಳಿಗಾಲದಲ್ಲಿ ಆ ಯಂತ್ರಗಳನ್ನು ನೋಡಿಕೊಳ್ಳಬೇಕಾದ ರೀತಿಯನ್ನೂ ವಿವರಿಸುವ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಮೊದಲ ಕರಡಿನಲ್ಲಿ ಹೀಗೊಂದು ವಾಕ್ಯವಿತ್ತು: ‘ಚಳಿಯಲ್ಲಿ ಎಣ್ಣೆಯ ಸ್ನಿಗ್ಧತೆ ಹೆಚ್ಚಾಗುವುದರಿಂದ, ಎಂಜಿನ್ ಚಾಲೂ ಮಾಡಿದ ಕೂಡಲೇ ಲಿವರನ್ನು ಪೂರ್ತಿ ಎಳೆಯಬಾರದು.’ ಯಂತ್ರ ನಡೆಸಿ ಪಳಗಿದ ಒಬ್ಬರಿಗೆ ಕರಡನ್ನು ಓದಲು ಕೊಟ್ಟಾಗ ಅವರು ಈ ವಾಕ್ಯದ ಬಳಿ ನಿಂತು, ‘ಸ್ನಿಗ್ಧತೆ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ? ಇನ್ನೂ ನುಣುಪಾಗಿ ಜಾರುತ್ತದೆ. ಮತ್ತೆ ಎಳೆಯಬಾರದು ಏಕೆ?’ ಎಂದು ಕೇಳಿದರು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ನಾನು ಬಳಸಿದ ಪದದಲ್ಲಿತ್ತು ಎಂದು ನನಗೆ ಅನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ವಿಜ್ಞಾನದ ಬರವಣಿಗೆಯಲ್ಲಿ ‘ವಿಸ್ಕಾಸಿಟಿ’ಗೆ, ಅಂದರೆ ಹರಿಯಲು ದ್ರವ ತೋರುವ ಪ್ರತಿರೋಧಕ್ಕೆ, ‘ಸ್ನಿಗ್ಧತೆ’ ಎಂಬುದು ರೂಢಿಯ ಪದ. ಆದರೆ ‘ಸ್ನಿಗ್ಧ’ ಎಂಬುದಕ್ಕೆ ಭಾಷೆಯಲ್ಲಿ ಮೊದಲಿನಿಂದ ಇರುವ ಅರ್ಥಗಳು ಎಣ್ಣೆ ಸವರಿದಂತಿರುವುದು, ನುಣುಪಾಗಿರುವುದು, ಕೋಮಲವಾಗಿರುವುದು, ಅಕ್ಕರೆ ತುಂಬಿರುವುದು ಎಂಬಂಥವು. ‘ಸ್ನಿಗ್ಧ ಸೌಂದರ್ಯ’, ‘ಸ್ನಿಗ್ಧ ಮುಗುಳ್ನಗೆ’ ಎಂದು ಬರೆಯುವಾಗ ನಮ್ಮ ಮನಸ್ಸಿನಲ್ಲಿರುವುದು ಇದೇ. ಆಯುರ್ವೇದದಲ್ಲಿ ಸ್ನಿಗ್ಧಕ್ಕೆ ಎದುರಾಗಿ ನಿಲ್ಲುವುದು ರೂಕ್ಷ, ಅಂದರೆ ಒರಟು, ಒಣಕಲು. ಅದೇ ಮೂಲದ ‘ಸ್ನೇಹ’ಕ್ಕೆ ಜಿಡ್ಡು ಎಂಬ ಅರ್ಥವೂ ಇದೆ, ಗೆಳೆತನ ಎಂಬ ಅರ್ಥವೂ ಇದೆ. ಹೀಗಿರುವಾಗ ‘ಸ್ನಿಗ್ಧತೆ ಹೆಚ್ಚಿತು’ ಎಂದರೆ ಜಾರುವಿಕೆ ಹೆಚ್ಚಿತು ಎಂದೇ ಕನ್ನಡದ ಕಿವಿಗೆ ಕೇಳಿಸುತ್ತದೆ. ನಾನು ಹೇಳಹೊರಟಿದ್ದು ಅದಕ್ಕೆ ವಿರುದ್ಧವಾದದ್ದು: ಹರಿಯಲು ಎಣ್ಣೆ ತೋರುವ ಪ್ರತಿರೋಧ ಹೆಚ್ಚಿತು ಎಂಬುದು. ಪರಿಭಾಷೆಯನ್ನು ಪಾಠವಾಗಿ ಕಲಿತವರಿಗೆ ಈ ತೊಡಕು ಎದುರಾಗುವುದಿಲ್ಲ. ಆದರೆ ಕೈಪಿಡಿಯನ್ನು ಓದುವವರು ಅವರೊಬ್ಬರೇ ಅಲ್ಲ, ಮತ್ತು ಇಲ್ಲಿ ಅರ್ಥ ತಿರುವುಮುರುವಾದರೆ ಪೆಟ್ಟು ಬೀಳುವುದು ಪಂಪಿಗೆ.

ಬೇರೆ ಪದಗಳನ್ನು ಹುಡುಕುವ ಮೊದಲು ಆ ಗುಣವನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಒಂದೇ ಡಬ್ಬಿಯ ಎಣ್ಣೆಯನ್ನು ಎರಡು ಗಾಜಿನ ಸೀಸೆಗಳಲ್ಲಿ ಮುಕ್ಕಾಲು ಭಾಗ ತುಂಬಿ, ಒಂದನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿದೆ. ಬೆಚ್ಚಗಿದ್ದ ಸೀಸೆಯಲ್ಲಿ ಗಾಳಿಯ ಗುಳ್ಳೆ ಥಟ್ಟನೆ ಮೇಲಕ್ಕೆ ಬಂದಿತು. ತಣ್ಣಗಿದ್ದುದರಲ್ಲಿ ಅದು ಗಾಜಿಗೆ ಒರಗಿಕೊಂಡು, ಉದ್ದಕ್ಕೆ ಎಳೆದುಕೊಂಡು, ಎಣ್ಣೆಯನ್ನು ಬದಿಗೆ ಸರಿಸಿ ದಾರಿ ಮಾಡಿಕೊಳ್ಳುತ್ತ ಮೆಲ್ಲಮೆಲ್ಲನೆ ಏರಿತು. ಎಣ್ಣೆ ಗಟ್ಟಿಯಾಗಿರಲಿಲ್ಲ, ಅದರ ಬಣ್ಣವೂ ಬದಲಾಗಿರಲಿಲ್ಲ. ಹರಿಯುವ ಮನಸ್ಸು ಮಾತ್ರ ಕುಂದಿತ್ತು.

ಈ ನೋಟಕ್ಕೆ ಯಾವ ಪದ ಹೊಂದುತ್ತದೆ? ‘ಸಾಂದ್ರತೆ’ ಖಂಡಿತ ಅಲ್ಲ, ಏಕೆಂದರೆ ಅದು ಗಾತ್ರಕ್ಕೆ ತಕ್ಕ ದ್ರವ್ಯರಾಶಿಯನ್ನು ಹೇಳುವ ಪದ, ಮತ್ತು ನೀರಿಗಿಂತ ಕಡಿಮೆ ಸಾಂದ್ರವಾಗಿ ನೀರಿನ ಮೇಲೆ ತೇಲುವ ಎಣ್ಣೆಯೇ ಹರಿಯುವುದರಲ್ಲಿ ನೀರಿಗಿಂತ ನಿಧಾನ. ‘ಗಟ್ಟಿ’ ಎಂದರೆ ಘನವಾಯಿತು ಎಂಬ ಭಾವನೆ ಬರುತ್ತದೆ. ‘ಜಿಗುಟು’ ಎಂಬುದು ಇನ್ನೊಂದಕ್ಕೆ ಅಂಟಿಕೊಳ್ಳುವ ಗುಣ. ಯಂತ್ರದ ಕೆಲಸ ಮಾಡುವವರ ಬಾಯಲ್ಲಿ ‘ದಪ್ಪ ಆಯಿಲ್’, ‘ತೆಳು ಆಯಿಲ್’ ಎಂಬ ಮಾತುಗಳು ಸಹಜವಾಗಿ ಬರುತ್ತವೆ. ಅವು ಅರ್ಥವಾಗುತ್ತವೆ, ಆದರೆ ‘ದಪ್ಪತನ’ ಎಂದು ಅದನ್ನು ಅಳತೆಯ ಹೆಸರಾಗಿಸಲು ನನ್ನ ಲೇಖನಿ ಹಿಂಜರಿಯುತ್ತದೆ.

ನನ್ನ ಒಲವು ‘ಮಂದ’ದ ಕಡೆಗೆ. ದ್ರವದ ವಿಷಯದಲ್ಲಿ ‘ಮಂದವಾಗಿದೆ’ ಎಂದರೆ ನೀರುನೀರಾಗಿಲ್ಲ ಎಂದರ್ಥ. ‘ಮಂದಗತಿ’ ಎಂದರೆ ನಿಧಾನದ ನಡೆ. ಬೇರೆ ಬೇರೆಯಾಗಿ ಕಾಣುವ ಈ ಎರಡು ಅರ್ಥಗಳು ವಿಸ್ಕಾಸಿಟಿಯಲ್ಲಿ ಒಂದಾಗುತ್ತವೆ, ಏಕೆಂದರೆ ಎಣ್ಣೆ ದಪ್ಪವೆನಿಸುವುದೇ ಅದು ನಿಧಾನವಾಗಿ ಹರಿಯುವುದರಿಂದ. ‘ಚಳಿಯಲ್ಲಿ ಎಣ್ಣೆ ಮಂದವಾಗುತ್ತದೆ’ ಎಂಬ ವಾಕ್ಯವನ್ನು ಯಾರೂ ತಪ್ಪಾಗಿ ಓದಲಾರರು. ತೊಂದರೆಯಿರುವುದು ನಾಮಪದದಲ್ಲಿ: ‘ಮಂದತೆ’ ಎಂದೊಡನೆ ಬುದ್ಧಿಯ ಮಂದತೆ, ಬೆಳಕಿನ ಮಂದತೆ ನೆನಪಾಗುತ್ತವೆ. ಡಬ್ಬಿಯ ಮೇಲಿನ ಐಎಸ್‌ಒ ವಿಜಿ 46 ಎಂಬ ವಿಸ್ಕಾಸಿಟಿ ದರ್ಜೆಯ ಗುರುತನ್ನು ವಿವರಿಸುವಾಗ ನನಗೆ ಈ ನಾಮಪದ ಬೇಕೇಬೇಕು. ಆ 46 ಎಂಬುದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ವಿಸ್ಕಾಸಿಟಿಯ, ಸೆಂಟಿಸ್ಟೋಕ್ ಎಂಬ ಅದರ ಮಾನದಲ್ಲಿ ಹೇಳಿದ ನಡುಬೆಲೆ. ಅದರ ಎರಡೂ ಕಡೆ ಶೇಕಡಾ 10ರವರೆಗೆ ಹೆಚ್ಚುಕಡಿಮೆಗೆ ಅವಕಾಶವಿದೆ. ಅದು ಉಷ್ಣತೆಯೂ ಅಲ್ಲ, ತೂಕವೂ ಅಲ್ಲ ಎಂದು ಸ್ಪಷ್ಟಪಡಿಸಬೇಕಾಗಿದೆ. ಹಾಗೆಯೇ ಎಂಜಿನ್ ಎಣ್ಣೆಯ 10ಡಬ್ಲ್ಯು-30 ಎಂಬ ದರ್ಜೆಯಲ್ಲಿನ ‘ಡಬ್ಲ್ಯು’ವನ್ನು ತೂಕದ ಗುರುತೆಂದು ತಿಳಿದವರು ಬಹಳ ಮಂದಿ, ಅದು ‘ವಿಂಟರ್’ ಅಂದರೆ ಚಳಿಗಾಲವನ್ನು ಸೂಚಿಸುವ ಅಕ್ಷರ.

ಎರಡನೆಯ ಪ್ರಶ್ನೆ ಎಣ್ಣೆಯ ಹೆಸರಿನದು. ‘ಹೈಡ್ರಾಲಿಕ್’ ಎಂಬುದಕ್ಕೆ ‘ಜಲಚಾಲಿತ’ ಎಂದು ಬರೆದದ್ದನ್ನು ಕಂಡಿದ್ದೇನೆ. ಮೂಲ ಗ್ರೀಕ್ ಪದದಲ್ಲಿ ನೀರಿರುವುದು ನಿಜ, ಆದರೆ ಈ ಯಂತ್ರದಲ್ಲಿ ನೀರು ಶತ್ರು. ಎಣ್ಣೆಯೊಳಗೆ ನೀರು ಸೇರಿ ಕದಡಿದರೆ ಅದು ಹಾಲುಬಣ್ಣಕ್ಕೆ ತಿರುಗುತ್ತದೆ. ಕದಡದೆ ತಳದಲ್ಲಿ ನಿಂತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಮಂಜುಗಡ್ಡೆಯಾಗಿ ಪಂಪ್ ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಬಲ್ಲದು, ಗಡ್ಡೆಕಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಇಕ್ಕಟ್ಟಾದ ಜಾಗಗಳಲ್ಲಿ ಲೋಹವನ್ನೂ ಸೀಳಬಲ್ಲದು. ‘ಹೈಡ್ರಾಲಿಕ್ ದ್ರವ’ ಎಂಬುದೂ ನನಗೆ ಸಮಾಧಾನ ಕೊಟ್ಟಿಲ್ಲ. ಬ್ರೇಕಿಗೆ ಹಾಕುವ ಗ್ಲೈಕಾಲ್ ಆಧಾರಿತ ದ್ರವವೂ ಹೈಡ್ರಾಲಿಕ್ ದ್ರವವೇ, ಮತ್ತು ಖನಿಜ ಎಣ್ಣೆಗೆಂದು ಮಾಡಿದ ರಬ್ಬರ್ ಸೀಲುಗಳನ್ನು ಅದು ಹಾಳುಮಾಡುತ್ತದೆ. ಆದ್ದರಿಂದ ‘ಹೈಡ್ರಾಲಿಕ್ ಎಣ್ಣೆ’ ಎಂದೇ ಬರೆಯಲು ನಿರ್ಧರಿಸಿದ್ದೇನೆ. ಎಣ್ಣೆ ಎಂಬುದು ಎಳ್ಳು ಮತ್ತು ನೆಯ್ ಸೇರಿ ಆದ ಪದ, ತೈಲ ಎಂಬುದು ತಿಲದಿಂದ ಬಂದದ್ದು. ಎರಡೂ ಎಳ್ಳಿನಿಂದ ಹೊರಟು ಖನಿಜ ಎಣ್ಣೆಯವರೆಗೆ ಬಂದಿರುವಾಗ ಹಿಂಜರಿಕೆಗೆ ಕಾರಣವಿಲ್ಲ. ಆದರೂ ಈ ಹೆಸರಿನ ಜೊತೆಗೆ ಒಂದು ಎಚ್ಚರಿಕೆ ಇರಲೇಬೇಕು: ಹಳೆಯ ಯಂತ್ರಗಳಲ್ಲಿ ಕೆಲವಕ್ಕೆ ತಯಾರಕರು ಹೇಳಿರುವುದು ಎಂಜಿನ್ ಎಣ್ಣೆ, ಕೆಲವಕ್ಕೆ ಸ್ವಯಂಚಾಲಿತ ಗೇರ್‌ಪೆಟ್ಟಿಗೆಯ ಎಣ್ಣೆ. ಡಬ್ಬಿಯ ಮೇಲೆ ‘ಹೈಡ್ರಾಲಿಕ್’ ಎಂದಿದ್ದ ಮಾತ್ರಕ್ಕೆ ಅದನ್ನು ಸುರಿಯಬಾರದು.

ಕ್ರಿಯಾಪದಗಳಲ್ಲಿ ನಮ್ಮ ಭಾಷೆ ಹೆಚ್ಚು ಸಹಾಯಕ್ಕೆ ಬಂದಿದೆ. ಹಳೆಯ ಎಣ್ಣೆಯನ್ನು ‘ಚೆಲ್ಲಿ’ ಎಂದೋ ‘ಹೊರತೆಗೆಯಿರಿ’ ಎಂದೋ ಬರೆಯುವ ಬದಲು ‘ಬಸಿಯಿರಿ’ ಎಂದು ಬರೆದಿದ್ದೇನೆ. ಬಸಿಯುವುದೆಂದರೆ ತಾನಾಗಿ ಇಳಿದುಹೋಗಲು ಬಿಟ್ಟು ಕಾಯುವುದು; ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ತಳದ ಬಿರಡೆ ತೆಗೆದು, ಕದಡಿದ ಕಶ್ಮಲವೂ ಎಣ್ಣೆಯೊಡನೆ ಇಳಿಯುವಂತೆ ಕೊನೆಯ ತೊಟ್ಟಿನವರೆಗೆ ಬಿಡುವ ಕೆಲಸವನ್ನು ಆ ಒಂದು ಪದ ಹೇಳುತ್ತದೆ. ‘ಬ್ಲೀಡ್ ಮಾಡು’ ಎಂಬುದಕ್ಕೆ ಮೊದಲು ‘ಗಾಳಿ ಬಿಡಿ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಒಳಗೆ ಬಿಡುವುದೋ ಹೊರಗೆ ಬಿಡುವುದೋ ಅದರಿಂದ ತಿಳಿಯುವುದಿಲ್ಲ. ಈಗ ‘ಗಾಳಿ ಹೊರಹಾಕಿ’ ಎಂದಿದೆ: ಹೊಸ ಎಣ್ಣೆ ತುಂಬಿದ ಮೇಲೆ ಎಂಜಿನನ್ನು ನಿಧಾನ ವೇಗದಲ್ಲಿಟ್ಟು, ಎತ್ತುವ ತೋಳನ್ನು ಹಲವು ಸಲ ಪೂರ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿ, ಗಾಳಿ ಹೋದಂತೆ ಮಟ್ಟ ಇಳಿಯುವುದರಿಂದ ಮತ್ತೆ ಅಳತೆ ನೋಡಿ ಕೊರತೆಯಾದಷ್ಟು ಸೇರಿಸಬೇಕು.

ನನ್ನನ್ನು ಹೆಚ್ಚು ಕಾಡಿದ ಪದ ‘ಕ್ಯಾವಿಟೇಶನ್’. ಮಂದವಾದ ಎಣ್ಣೆ ಪಂಪಿನ ಹೀರುಬಾಯಿಗೆ ಬೇಕಾದಷ್ಟು ಬೇಗ ಬಂದು ಸೇರುವುದಿಲ್ಲ. ಅಲ್ಲಿ ಒತ್ತಡ ಕುಸಿದು ಆವಿಯ ಗುಳ್ಳೆಗಳು ಹುಟ್ಟುತ್ತವೆ. ಒತ್ತಡ ಹೆಚ್ಚಿರುವ ಕಡೆಗೆ ಹೋದೊಡನೆ ಅವು ಕುಸಿದು ಒಡೆಯುವ ಪೆಟ್ಟಿನಿಂದ ಲೋಹದ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ತಣ್ಣಗಿರುವಾಗಲೇ ದುಡಿಸಿದ ಪಂಪ್ ನರಳುವಂತೆ ಸದ್ದು ಮಾಡುವುದು ಇದರಿಂದಲೇ. ಕಡಲ್ಕೊರೆತ ಎಂಬ ಮಾದರಿ ನಮ್ಮಲ್ಲಿರುವುದರಿಂದ ‘ಗುಳ್ಳೆಕೊರೆತ’ ಎಂದರೆ ಕಾರಣ ಮತ್ತು ಪರಿಣಾಮ ಎರಡೂ ಒಂದೇ ಪದದಲ್ಲಿ ಬರುತ್ತವೆ ಎಂದು ನನಗೆ ತೋರುತ್ತದೆ. ಸಡಿಲಗೊಂಡ ಹೀರುಕೊಳವೆಯಿಂದ ಹೊರಗಿನ ಗಾಳಿ ಸೇರಿ ಎಣ್ಣೆ ನೊರೆಯಾಗುವುದು ಬೇರೆಯೇ ದೋಷವಾದ್ದರಿಂದ ಅದಕ್ಕೆ ‘ನೊರೆಕಟ್ಟುವುದು’ ಎಂದೇ ಇಟ್ಟುಕೊಂಡಿದ್ದೇನೆ. ಗುಳ್ಳೆ ಮತ್ತು ನೊರೆ ಎಂಬ ಈ ಭೇದವನ್ನು ಸಾಮಾನ್ಯ ಓದುಗರು ಹಿಡಿಯಬಲ್ಲರೇ ಎಂಬುದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಕೊನೆಯದಾಗಿ ‘ಪೋರ್ ಪಾಯಿಂಟ್’, ಅಂದರೆ ತಣಿಯುತ್ತಿರುವ ಎಣ್ಣೆ ಇನ್ನೂ ಹರಿಯಬಲ್ಲ ಅತಿ ಕಡಿಮೆ ಉಷ್ಣತೆ. ‘ಹೆಪ್ಪುಗಟ್ಟುವ ಬಿಂದು’ ಎಂದು ಬರೆದರೆ ನೀರಿನಂತೆ ಎಣ್ಣೆಗೂ ಒಂದು ಖಚಿತ ಗೆರೆಯಿದೆ ಎಂದಾಗುತ್ತದೆ, ಆದರೆ ಎಣ್ಣೆ ಹಂತಹಂತವಾಗಿ ಮಂದವಾಗುತ್ತ ಹೋಗುತ್ತದೆ. ಪರೀಕ್ಷೆಯಲ್ಲಿ ಎಣ್ಣೆಯನ್ನು ತಣಿಸುತ್ತ 3 ಡಿಗ್ರಿಗೊಮ್ಮೆ ಪಾತ್ರೆಯನ್ನು ಓರೆಮಾಡಿ ನೋಡುತ್ತಾರೆ. ಪಾತ್ರೆಯನ್ನು ಅಡ್ಡಲಾಗಿ ಹಿಡಿದರೂ 5 ಸೆಕೆಂಡು ಎಣ್ಣೆ ಕದಲದಿದ್ದರೆ, ಆ ಉಷ್ಣತೆಗೆ 3 ಡಿಗ್ರಿ ಕೂಡಿಸಿ ಬರೆದುಕೊಳ್ಳುತ್ತಾರೆ. ಅಂದರೆ ಅದು ಹರಿವು ಇನ್ನೂ ಉಳಿದಿರುವ ಕೊನೆಯ ಮೆಟ್ಟಿಲು. ‘ಹರಿವಿನ ಕೊನೆಮಿತಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಆ ಮಿತಿಯವರೆಗೂ ಯಂತ್ರವನ್ನು ಧಾರಾಳವಾಗಿ ದುಡಿಸಬಹುದು ಎಂದು ಓದುಗರು ಭಾವಿಸಿಯಾರೆಂಬ ಅಳುಕು ಮಾತ್ರ ಹೋಗಿಲ್ಲ, ಏಕೆಂದರೆ ಪಂಪ್ ಸಲೀಸಾಗಿ ಹೀರುವುದು ಅದಕ್ಕಿಂತ ಬಹಳ ಮೊದಲೇ ನಿಂತಿರುತ್ತದೆ.

ತಿದ್ದಿದ ವಾಕ್ಯ ಈಗ ಹೀಗಿದೆ: ‘ಚಳಿಯಲ್ಲಿ ಎಣ್ಣೆ ಮಂದವಾಗಿ ಪಂಪಿಗೆ ತಡವಾಗಿ ತಲುಪುವುದರಿಂದ, ಎಂಜಿನ್ ಚಾಲೂ ಮಾಡಿ ಕೆಲವು ನಿಮಿಷ ನಿಧಾನ ವೇಗದಲ್ಲಿ ಓಡಲು ಬಿಟ್ಟು, ಪಂಪಿನ ನರಳಾಟ ನಿಂತ ಮೇಲೆ ಲಿವರನ್ನು ಮೆಲ್ಲಗೆ ಎಳೆಯಿರಿ.’ ಇದರಲ್ಲಿ ‘ಮಂದ’ವನ್ನು ಉಳಿಸಿಕೊಂಡು, ಅಳತೆಯ ಹೆಸರು ಬೇಕಾದ ಕಡೆಗಳಲ್ಲಿ ಮಾತ್ರ ‘ಸ್ನಿಗ್ಧತೆ’ಯನ್ನು ಒಂದು ಸಾಲಿನ ವಿವರಣೆಯೊಡನೆ ಬಳಸುವುದು ಸರಿಯೇ, ಅಥವಾ ಎರಡು ಪದಗಳಿಂದ ಓದುಗರಿಗೆ ಹೊಸ ಗೊಂದಲವಾದೀತೇ ಎಂಬುದನ್ನು ದಯವಿಟ್ಟು ತಿಳಿಸಿ.